ಬಾಣಂತಿ ಕೋಣೆಯ ನೀಲಿ ದೀಪ

ಹಳೇನಗರ, ಭದ್ರಾವತಿ
15-11-1996

ಬೀಗಿತ್ತಿ ಹಾಲಮ್ಮನವರಿಗೆ ಜಗದಾಂಬಾಳ ಶರಣು.

ಮಕ್ಕಳ ಮದುವೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯಬಾರದು ಅಂತಲೇ ಹಟ ಹಿಡಿದಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಮೊಮ್ಮಗಳು ಹುಟ್ಟಿದ ಸುದ್ದಿಯನ್ನೂ ಹಟದ ಜೊತೆ ಗಂಟುಕಟ್ಟಿ ಇಟ್ಟುಕೊಳ್ಳುವುದಕ್ಕೆ ಆಗುತ್ತದೆಯೇ? ಬುಧವಾರ ಬೆಳಿಗ್ಗೆ ನಮ್ಮ ಸುಮನಾಗೆ ಹೆಣ್ಣು ಮಗು ಆಗಿದೆ. ಹೆರಿಗೆ ಸುಸೂತ್ರವಾಯಿತು. ಇವತ್ತು ನರ್ಸಿಂಗ್ ಹೋಮಿನಿಂದ ಮನೆಗೆ ಕರೆದುಕೊಂಡು ಬಂದೆವು. ನಿಮ್ಮ ಮಗ ಪ್ರಸನ್ನನಿಗೆ ರಾಯಚೂರಿನ ಬ್ಯಾಂಕಿನ ವಿಳಾಸಕ್ಕೆ ತಂತಿ ಕೊಟ್ಟಿದ್ದೇವೆ. ನಿಮ್ಮಲ್ಲಿ ಫೋನಿಲ್ಲ, ನಮ್ಮ ಬೀದಿಯ ಫೋನುಗಳು ದೀಪಾವಳಿಯಿಂದ ಸತ್ತು ಬಿದ್ದಿವೆ, ಅದಕ್ಕೇ ಈ ಕಾಗದ.

ಬಾಣಂತಿ ಕೋಣೆಯನ್ನು ನಾನೇ ಸಿದ್ಧಮಾಡಿದೆ. ಕಿಟಕಿಗೆ ಗೋಣಿತಾಟು, ಅದರ ಮೇಲೆ ಕಂಬಳಿ. ಗಾಳಿ, ಬಿಸಿಲು, ಕಂಡವರ ಕಣ್ಣು, ಯಾವುದಕ್ಕೂ ಒಳಗೆ ದಾರಿಯಿಲ್ಲ. ಒಂದು ಹಳದಿ ಝೀರೋ ಬಲ್ಬು ಹಾಕಿಸಿದ್ದೇನೆ, ಅಷ್ಟೇ. ಊರಿನ ಮದುವೆ, ನಾಟಕ, ಆರ್ಕೆಸ್ಟ್ರಾಗಳಿಗೆಲ್ಲ ಲೈಟು ಹಾಕುವವರ ಮನೆಯ ಬಾಣಂತಿಗೆ ಒಂದೇ ಝೀರೋ ಬಲ್ಬು! ನೀವು ಇದನ್ನೂ ಆಡಿಕೊಳ್ಳುತ್ತೀರೇನೋ. ಮದುವೆಯ ದಿನ ಜನರೇಟರು ಕೈಕೊಟ್ಟಾಗ ಚಪ್ಪರದ ತುಂಬ ಕೇಳುವ ಹಾಗೆ ನೀವು ಅಂದದ್ದು ನನಗೆ ಮರೆತಿಲ್ಲ: "ಬೀಗ್ರು ಊರಿಗೆಲ್ಲ ಲೈಟ್ ಹಾಕ್ತಾರೆ, ಮಗಳ ಮದ್ವೆಗೆ ಮಾತ್ರ ಕತ್ಲೆ." ಇರಲಿ, ಇವತ್ತು ಅದು ಬೇಡ.

ಕೂಸಿನ ಮೂಗು ನಮ್ಮದು, ಬಣ್ಣ ನಿಮ್ಮ ಕಡೆಯದು. ಹುಟ್ಟಿದಾಗ ಕೆಂಪಗಿದ್ದಳು. ಈಗ ಮುಖ, ಎದೆಯೆಲ್ಲ ಚಿನ್ನದ ಬಣ್ಣಕ್ಕೆ ತಿರುಗಿದೆ. ನೀವು ಮಾಡಿಸುವ ಸರ ಅವಳ ಮೈಮೇಲೆ ಕಾಣುವುದೇ ಇಲ್ಲ ನೋಡಿ. ಎಣ್ಣೆನೀರಿಗೆ ಅರಿಶಿನ ಹಚ್ಚುತ್ತಿದ್ದೇನೆ. ನಿಮ್ಮ ಕಾಲು ಹೇಗಿದೆ ಎಂದು ಸುಮನಾ ಕೇಳುತ್ತಿದ್ದಾಳೆ.

ಇಂತಿ,
ಜಗದಾಂಬಾ


ವಿದ್ಯಾನಗರ, ಶಿವಮೊಗ್ಗ
16-11-1996

ಜಗದಾಂಬಾ ಅವರಿಗೆ,

ಶರಣು. ಕಾಗದ ಈಗ ಕೈಗೆ ಬಂತು. ನನ್ನ ಕಾಲು ಇನ್ನೂ ಪ್ಲಾಸ್ಟರಿನಲ್ಲೇ ಇದೆ, ಆದರೆ ಸುದ್ದಿ ಓದಿದ ಕೂಡಲೆ ಎದ್ದು ಕುಣಿಯಬೇಕೆನಿಸಿತು. ಪಕ್ಕದ ಮನೆಯ ದುರ್ಗಮ್ಮನನ್ನು ಕರೆದು ಸಕ್ಕರೆ ಹಂಚಿಸಿದೆ. ಮದುವೆಯ ಮಾತನ್ನು ಇನ್ನೊಂದು ದಿನ ಆಡೋಣ. ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ.

ಆದರೆ ಎರಡನೇ ಸಲ ಓದುವಾಗ ಆ ಚಿನ್ನದ ಬಣ್ಣ ಎನ್ನುವ ಮಾತಿನ ಮೇಲೆ ಕಣ್ಣು ನಿಂತಿತು. ನನಗೆ ಭಯವಾಗುತ್ತಿದೆ. ಮೊನ್ನೆ ಗಣಪತಿ ಹಬ್ಬದ ಹೊತ್ತಿಗೆ ಈ ದುರ್ಗಮ್ಮನ ಮೊಮ್ಮಗನಿಗೂ ಹೀಗೇ ಮುಖ, ಎದೆ ಹಳದಿಯಾಗಿತ್ತು. ಅದು ಕಾಮಾಲೆ ಎಂದರು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬರಿಮೈಯಲ್ಲಿ ಮಲಗಿಸಿ, ಮೇಲಿಂದ ನೀಲಿ ಬೆಳಕು ಬಿಟ್ಟರಂತೆ. ಆ ಬೆಳಕಿನಲ್ಲೇ ಹಳದಿ ಇಳಿಯಿತಂತೆ. "ಟೀಚರಮ್ಮ, ನೀಲಿ ಲೈಟೇ ಔಷಧಿ, ಬೇರೆ ಏನೂ ಕೊಡ್ಲಿಲ್ಲ" ಎಂದು ದುರ್ಗಮ್ಮ ಇವತ್ತೂ ಹೇಳಿದಳು.

ನಿಮ್ಮ ಕೋಣೆಯಲ್ಲಿ ಹಳದಿ ಬಲ್ಬು, ಕೂಸಿನ ಮೈಗೆ ಅರಿಶಿನ. ಅದರ ನಿಜವಾದ ಬಣ್ಣ ಯಾರಿಗೆ ಕಾಣಬೇಕು? ದಯವಿಟ್ಟು ಕಂಬಳಿ ತೆಗೆದು, ಹಗಲಿನ ಬೆಳಕಿನಲ್ಲಿ ಒಂದು ಸಲ ನೋಡಿ. ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅಡಿಯ ಬಣ್ಣ ತಿಳಿಯುತ್ತದಂತೆ. ಹಳದಿ ಕಂಡರೆ ಡಾಕ್ಟರಿಗೆ ತೋರಿಸಿ. ನಾನು ತಪ್ಪು ತಿಳಿದಿದ್ದರೆ ಮನಸಾರೆ ನಗಿರಿ, ನನಗೇನೂ ಬೇಸರವಿಲ್ಲ.

ನಮ್ಮ ರಸ್ತೆಯ ಓಂಕಾರಪ್ಪನವರು ದಿನಾ ಭದ್ರಾವತಿಗೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ. ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರಿಗೇ ಕೊಡಿ.

ನಿಮ್ಮ,
ಹಾಲಮ್ಮ


ಹಳೇನಗರ, ಭದ್ರಾವತಿ
18-11-1996

ಹಾಲಮ್ಮನವರಿಗೆ,

ನಿಮ್ಮ ಕಾಗದ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಮೂವರನ್ನು ಹೆತ್ತು ಸಾಕಿದವಳಿಗೆ ಕೂಸಿನ ಬಣ್ಣ ನೋಡುವುದನ್ನು ವಿದ್ಯಾನಗರದಿಂದ ಹೇಳಿಕೊಡಬೇಕೇ? ಹಸಿಕೂಸನ್ನು ಬಿಸಿಲಿಗೆ ಹಿಡಿಯುವುದುಂಟೇ? ಕಣ್ಣು ಹೋದರೆ, ಶೀತವಾದರೆ ಯಾರು ಜವಾಬ್ದಾರಿ? ನಾನು ಕಂಬಳಿ ತೆಗೆಯಲಿಲ್ಲ.

ಆದರೆ ನಿಮ್ಮ ಕಾಗದವನ್ನು ಸುಮನಾ ಓದಿಬಿಟ್ಟಳು. "ಅಮ್ಮ, ಅತ್ತೆ ಸುಮ್ನೆ ಹೆದ್ರೋರಲ್ಲ" ಎಂದು ಅಳುವುದಕ್ಕೆ ಶುರುಮಾಡಿದಳು. ಬಾಣಂತಿ ಅಳಬಾರದು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ನೀಲಿ ಲೈಟ್ ತಾನೆ? ಅದಕ್ಕೆ ಶಿವಮೊಗ್ಗಕ್ಕೆ ಯಾಕ್ ಹೋಗ್ಬೇಕು, ನಮ್ಮಂಗ್ಡೀಲಿ ಇಲ್ವಾ" ಅಂದರು. ರಾಜ್ಯೋತ್ಸವದ ಆರ್ಡರು ತುಂಬಿ ತುಳುಕುತ್ತಿದ್ದರೂ ಅಂಗಡಿಯಿಂದ ಎರಡು ಫೋಕಸ್ ಲೈಟು ತಂದರು. ನಾಟಕದಲ್ಲಿ ರಾತ್ರಿಯ ಸೀನಿಗೆ ಕಟ್ಟುತ್ತಾರಲ್ಲ, ಆ ನೀಲಿ ಜಿಲೇಟಿನ್ ಪೇಪರನ್ನು ಎರಡೆರಡು ಮಡಿಕೆ ಮಾಡಿ ಕಟ್ಟಿದರು. ಬೆಳಕು ಕೂಸಿನ ಕಣ್ಣಿಗೆ ಬೀಳದ ಹಾಗೆ ತಾವೇ ಮಲಗಿ ನೋಡಿ, ಕೋನ ಸರಿಮಾಡಿದರು. ತಮ್ಮ ಮಗಳ ಮದುವೆಯ ಮಂಟಪಕ್ಕೂ ಅವರು ಇಷ್ಟು ಮುತುವರ್ಜಿ ಮಾಡಿರಲಿಲ್ಲ.

ಈಗ ಹಳದಿ ಎಂಬುದು ಹುಡುಕಿದರೂ ಸಿಗುವುದಿಲ್ಲ. ಕೂಸು ಬಾಲಕೃಷ್ಣನ ಹಾಗೆ ನೀಲಿಯಾಗಿ ಮಲಗಿದೆ. ಆ ಬೆಳಕಿನಲ್ಲಿ ಒಂದು ತಮಾಷೆ ಆಯಿತು. ಎಣ್ಣೆನೀರಿಗೆಂದು ಗೂಡಿನಿಂದ ಅರಿಶಿನದ ಬಟ್ಟಲು ತೆಗೆದರೆ ಒಳಗೆ ಬೂದಿ! ಯಾರು ತುಂಬಿಟ್ಟರಪ್ಪಾ ಎಂದು ಹೊರಗೆ ತಂದು ನೋಡಿದರೆ ಅರಿಶಿನವೇ. ಸುಮನಾ ಎಷ್ಟೋ ದಿನದ ಮೇಲೆ ನಕ್ಕಳು.

ಇನ್ನೊಂದು ಸಂತೋಷದ ಮಾತು. ಕೂಸು ಬಹಳ ಸಾಧು. ನಿನ್ನೆಯಿಂದ ಅಳುವೇ ಇಲ್ಲ. ಮಲಗಿದರೆ ಮಲಗಿತು. ಹಾಲಿಗೂ ನಾವೇ ಎಬ್ಬಿಸಬೇಕು. ಎಬ್ಬಿಸಿದರೂ ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ಮೈ ಬೆಚ್ಚಗಿದೆ. ನೀವಿನ್ನು ನಿಶ್ಚಿಂತೆಯಾಗಿರಿ.

ಇಂತಿ,
ಜಗದಾಂಬಾ


ವಿದ್ಯಾನಗರ
19-11-1996

ಜಗದಾಂಬಾ ಅವರೇ,

ಇದನ್ನು ಓದಿದ ಕೂಡಲೆ ಆ ನೀಲಿ ದೀಪಗಳನ್ನು ಆರಿಸಿ. ಕಾಗದವನ್ನು ಪೂರ್ತಿ ಓದುವುದಕ್ಕೂ ಕಾಯಬೇಡಿ.

ಅರಿಶಿನವೇ ಬೂದಿಯಾಗಿ ಕಾಣುವ ಬೆಳಕಿನಲ್ಲಿ ಕೂಸಿನ ಹಳದಿ ಹೇಗೆ ಕಂಡೀತು? ಅದು ಹೋಗಿಲ್ಲ, ನಿಮಗೆ ಕಾಣುತ್ತಿಲ್ಲ. ಮೊದಲು ಹಳದಿ ಬಲ್ಬು ಮುಚ್ಚಿಟ್ಟಿತು, ಈಗ ನೀಲಿ ಪೇಪರು ಮುಚ್ಚಿಟ್ಟಿದೆ. ಆಸ್ಪತ್ರೆಯ ದೀಪವೇ ಬೇರೆಯಂತೆ. ದುರ್ಗಮ್ಮನ ಅಳಿಯನನ್ನು ಆಸ್ಪತ್ರೆಗೆ ಓಡಿಸಿ ಕೇಳಿಸಿದೆ. ನಾಟಕದ ಲೈಟು ಬರೀ ಕಾವು ಕೊಡುತ್ತದೆ, ಕೂಸು ಒಣಗಿಹೋಗುತ್ತದೆ ಎಂದರಂತೆ.

ಆ ನಿದ್ದೆ ಒಳ್ಳೆಯ ನಿದ್ದೆಯಲ್ಲ. ಹಸಿದ ಕೂಸು ಅಳಬೇಕು. ಅಳದ ಕೂಸನ್ನು ಸಾಧು ಎನ್ನಬೇಡಿ. ಅಂಗಳಕ್ಕೆ ತಂದು ಒಂದು ಸಲ ನೋಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ನೋಡಿದ ಮೇಲೆ ಮನೆಯೊಳಗೆ ಹೋಗಬೇಡಿ, ಅಲ್ಲಿಂದಲೇ ಕಾರು ಮಾಡಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಬನ್ನಿ. ಪ್ರಸನ್ನ ಬರಲಿ ಎಂದು ಕಾಯಬೇಡಿ. ಓಂಕಾರಪ್ಪನವರಿಗೆ ಫ್ಯಾಕ್ಟರಿಗೆ ಹೋಗುವ ಮೊದಲೇ ನಿಮ್ಮ ಮನೆಗೆ ಹೋಗಲು ಹೇಳಿದ್ದೇನೆ.

ಹಾಲಮ್ಮ


ಆಸ್ಪತ್ರೆ, ಶಿವಮೊಗ್ಗ
19-11-1996

ಹಾಲಮ್ಮನವರಿಗೆ,

ನಾವು ಇಲ್ಲಿದ್ದೇವೆ. ವಾರ್ಡಿನ ಆಯಾ ನಿಮ್ಮ ಕಡೆಗೇ ಹೋಗುತ್ತಿದ್ದಾಳೆ, ಅವಳ ಕೈಯಲ್ಲಿ ಈ ಚೀಟಿ.

ಓಂಕಾರಪ್ಪ ಒಳಗೂ ಬರದೆ, "ಟೀಚರಮ್ಮ ಅಳ್ತಾ ಇದ್ರು, ಬೇಗ ಓದಿ" ಅಂದರು. ಕೂಸನ್ನು ಅಂಗಳಕ್ಕೆ ತಂದು ಬಟ್ಟೆ ಬಿಚ್ಚಿದೆ. ಅಂಗಾಲಿನ ತನಕ ಹಳದಿ. ರೆಪ್ಪೆ ಎತ್ತಿ ನೋಡಿದರೆ ಕಣ್ಣೂ ಹಳದಿ. ಸುಮನಾ ಕೂಗಿದ ಕೂಗಿಗೆ ಬೀದಿಯ ಜನ ಬಂದರು. ನಮ್ಮ ಮನೆಯವರು ನಿಂತಲ್ಲೇ ನಿಂತಿದ್ದರು.

ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ಹೊಂದುವುದಿಲ್ಲವಂತೆ. ಮೈಯ ರಕ್ತವನ್ನೆಲ್ಲ ಬದಲಾಯಿಸಬೇಕಂತೆ. ಆ ಅಂಗೈಯಗಲದ ಮೈಯಿಂದ ರಕ್ತ ತೆಗೆಯುವುದು ಎಂದರೆ ನನಗೆ ತಲೆ ಓಡುತ್ತಿಲ್ಲ. "ತಡ ಮಾಡಿದೀರಿ" ಎಂದಷ್ಟೇ ಡಾಕ್ಟರು ಹೇಳಿದರು. ದೇವರ ಮುಂದೆ ದೀಪ ಹಚ್ಚಿಡಿ.

ಜಗದಾಂಬಾ


ಹಳೇನಗರ, ಭದ್ರಾವತಿ
27-12-1996

ಹಾಲಮ್ಮನವರಿಗೆ,

ನೀವು ಕಳಿಸಿದ ಎರಡು ಕಾಗದಗಳೂ ತಲುಪಿವೆ. ಕೂಸು ಬದುಕಿದೆ, ಹಾಲು ಕುಡಿಯುತ್ತಿದೆ, ತೂಕ ಬರುತ್ತಿದೆ. ನಿಮ್ಮ ಮಗ ಬಂದು ನೋಡಿಕೊಂಡು ಹೋದದ್ದರಿಂದ ಇದೆಲ್ಲ ನಿಮಗೆ ಗೊತ್ತೇ ಇದೆ.

ನಾನು ಉತ್ತರ ಬರೆಯದಿದ್ದುದಕ್ಕೆ ಕಾರಣವೂ ನಿಮಗೆ ಗೊತ್ತಿದೆ. ಅವತ್ತು ನೀವು ಪ್ಲಾಸ್ಟರಿನ ಕಾಲಿನಲ್ಲೇ ಆಟೋ ಹತ್ತಿ ಆಸ್ಪತ್ರೆಗೆ ಬಂದಿರಿ. ನೀವು ಬಂದದ್ದು ಕಂಡು ನನಗೆ ಜೀವ ಬಂದಂತಾಗಿತ್ತು. ಆಮೇಲೆ ಎಲ್ಲರ ಎದುರು ಇವರಿಗೆ ಅಂದಿರಿ: "ಕೂಸನ್ನ ನಾಟಕದ ಪಾತ್ರ ಮಾಡ್ಬಿಟ್ರಲ್ಲ ಬೀಗ್ರೆ." ಇವರು ಹೊರಗೆ ಹೋಗಿ ಚಪ್ಪಲಿ ಬಿಡುವ ಕಡೆ ಕುಳಿತರು. ಅವತ್ತಿನಿಂದ ಇವರು ಕೂಸನ್ನು ಮುಟ್ಟಿಲ್ಲ. ನೀಲಿ ಬೆಳಕೇ ಔಷಧಿ ಎಂದು ಬರೆದವರು ಯಾರು? ನಾನು ಕತ್ತಲೆ ಮಾಡಿದೆ, ಒಪ್ಪುತ್ತೇನೆ. ನನ್ನ ತಾಯಿಯೂ ಮಾಡಿದ್ದಳು, ಅವಳ ತಾಯಿಯೂ ಮಾಡಿದ್ದಳು. ಆದರೆ ಆ ನೀಲಿಯನ್ನು ನಮ್ಮ ಮನೆಗೆ ಕಳಿಸಿದ್ದು ನಿಮ್ಮ ಕಾಗದ.

ನಾಮಕರಣದ ದಿನ ಕೇಳಿದ್ದೀರಿ. ದಿನ ಗೊತ್ತು ಮಾಡಿಲ್ಲ. ಡಾಕ್ಟರು ಕೊನೆಯ ದಿನ ಏನು ಹೇಳಿದರೆಂದು ಪ್ರಸನ್ನ ನಿಮಗೆ ಹೇಳಿದ್ದಾನೋ ಇಲ್ಲವೋ. ಕಾಮಾಲೆ ತಲೆಗೆ ಏರಿದ್ದರೆ ಮೊದಲು ಹೋಗುವುದು ಕಿವಿಯಂತೆ. ಈಗಲೇ ಹೇಳಲಾಗದು, ಸ್ವಲ್ಪ ಬೆಳೆದ ಮೇಲೆ ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಅಂದರು. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳಬೇಕಲ್ಲ. ನೆಂಟರೆಲ್ಲ ಸುತ್ತ ನಿಂತು ಕೂಸಿನ ಮುಖವನ್ನೇ ನೋಡುತ್ತಾರೆ. ನಾನು ಎಲ್ಲಿ ನೋಡಲಿ?

ನಿನ್ನೆ ಅಡುಗೆಮನೆಯಲ್ಲಿ ಸೌಟು ಬಿತ್ತು. ನಾನು, ಸುಮನಾ ಇಬ್ಬರೂ ಕೂಸಿನ ಕಡೆ ತಿರುಗಿದೆವು. ಅದು ಕೈಯಾಡಿಸುತ್ತಿತ್ತು. ಸೌಟಿನ ಸದ್ದಿಗೋ, ಸುಮ್ಮನೆಯೋ ತಿಳಿಯಲಿಲ್ಲ. ಇನ್ನೊಂದು ಸಲ ಬೀಳಿಸಿ ನೋಡೋಣ ಎಂದು ನಾನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ.

ಜಗದಾಂಬಾ


ವಿದ್ಯಾನಗರ, ಶಿವಮೊಗ್ಗ
9-2-1997

ಜಗದಾಂಬಾ ಅವರಿಗೆ ಶರಣು.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಒಂದೊಂದರಲ್ಲೂ ನಾನು ನನ್ನ ಪರವಾಗಿ ವಾದ ಮಾಡಿಕೊಂಡಿದ್ದೆ.

ನೀವು ಅಂದದ್ದು ಸರಿ. ಕೇಳಿದ ಮಾತನ್ನು ಅರ್ಧ ತಿಳಿದುಕೊಂಡು ಪೂರ್ತಿ ತಿಳಿದವಳ ಹಾಗೆ ಬರೆದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ಬಂದ ಚಾಳಿ ಅದು. ಬೀಗರಿಗೆ ಅಂದ ಮಾತು ಹೆದರಿಕೆಯಲ್ಲಿ ಬಾಯಿಂದ ಬಂತು. ಹೆದರಿದವರ ಬಾಯಲ್ಲಿ ಬಂದರೂ ಮಾತು ಮಾತೇ, ಅದು ಚುಚ್ಚುವ ಕಡೆ ಚುಚ್ಚುತ್ತದೆ.

ಪ್ಲಾಸ್ಟರು ಬಿಚ್ಚಿದರು. ಕೋಲು ಹಿಡಿದು ಓಡಾಡುತ್ತೇನೆ. ಇಲ್ಲಿ ನಾನು ಒಬ್ಬಳೇ ಕುಳಿತು ಏನೇನೋ ಮಾಡುತ್ತೇನೆ. ಕಿವಿಗೆ ಹತ್ತಿ ತುರುಕಿಕೊಂಡು ಬೀದಿಯನ್ನು ನೋಡುತ್ತೇನೆ. ಹಾಲಿನವನು ಬಾಯಿ ತೆರೆಯುತ್ತಾನೆ, ಬಸ್ಸು ಹೋಗುತ್ತದೆ, ಏನೂ ಇಲ್ಲ. ಭಯವಾಗಿ ಕಿತ್ತು ಹಾಕುತ್ತೇನೆ. ನಮ್ಮ ಕೂಸಿಗೆ ಕಿತ್ತು ಹಾಕಲು ಏನಾದರೂ ಇದೆಯೇ?

ಪ್ರಸನ್ನನಿಗೆ ಮೇ ತಿಂಗಳಲ್ಲಿ ರಜೆ ಸಿಗುತ್ತದೆ. ಮೈಸೂರಿಗೆ ಹೋಗುವುದಕ್ಕೆ ಮೊದಲು ಸುಮನಾ ಮತ್ತು ಕೂಸನ್ನು ಇಲ್ಲಿಗೆ ಕಳಿಸಿಕೊಡಿ. ನಿಮ್ಮಿಂದ ಕಿತ್ತುಕೊಳ್ಳುವುದಕ್ಕಲ್ಲ. ನೀವಿಬ್ಬರೂ ಜೊತೆಯಲ್ಲೇ ಬಂದು ಇರಿ. ಮನೆಯಲ್ಲಿ ಜಾಗಕ್ಕೇನು ಕಡಿಮೆ?

ಹಾಲಮ್ಮ


ಹಳೇನಗರ, ಭದ್ರಾವತಿ
20-3-1997

ಹಾಲಮ್ಮನವರಿಗೆ ಶರಣು.

ಭಾನುವಾರ ಸುಮನಾ ಮತ್ತು ಕೂಸನ್ನು ಕರೆದುಕೊಂಡು ನಾನು ಬರುತ್ತೇನೆ. ಎರಡು ದಿನ ಇದ್ದು ಹಿಂತಿರುಗುತ್ತೇನೆ. ಇವರು ಬರುವುದಿಲ್ಲ. ಎಷ್ಟು ಹೇಳಿದರೂ "ನೀನ್ ಹೋಗ್ ಬಾ" ಎಂದಷ್ಟೇ ಅನ್ನುತ್ತಾರೆ. ನಿಮ್ಮ ಕಾಗದವನ್ನು ಓದಿ ಹೇಳಿದೆ. ತಲೆ ಆಡಿಸಿ ಅಂಗಡಿಗೆ ಹೋದರು.

ಇವರ ವಿಷಯ ನಿಮಗಲ್ಲದೆ ಇನ್ನಾರಿಗೆ ಬರೆಯಲಿ? ಅಂಗಡಿಯಲ್ಲಿದ್ದ ನೀಲಿ ಪೇಪರನ್ನೆಲ್ಲ ಎಲ್ಲಿಗೋ ಸಾಗಿಸಿದ್ದಾರೆ. ಯುಗಾದಿ ನಾಟಕದವರು ಬಂದು ರಾತ್ರಿ ಸೀನಿಗೆ ನೀಲಿ ಕೇಳಿದರೆ, "ಇಲ್ಲ ಮಾರಾಯ, ಬೇರೆಯವ್ರ ಹತ್ರ ತಗೋ" ಅಂದರು. ನೀಲಿಯಿಲ್ಲದೆ ಯಾರು ಇವರನ್ನು ನಾಟಕಕ್ಕೆ ಕರೆಯುತ್ತಾರೆ? ಕೂಸಿನ ಕೋಣೆಗೆ ಕಾಲಿಡುವುದಿಲ್ಲ. ಬಾಗಿಲ ಆಚೆ ನಿಂತು ಒಂದು ಸಲ ಕೆಮ್ಮುತ್ತಾರೆ. ಕೂಸಿನ ಕಡೆಯೇ ನೋಡುತ್ತಾ ನಿಂತಿರುತ್ತಾರೆ. ಆಮೇಲೆ ಹೋಗಿಬಿಡುತ್ತಾರೆ. ಶೀತವೇನೋ ಎಂದು ಮೊದಮೊದಲು ನಾನು ಕಷಾಯ ಮಾಡಿ ಕೊಟ್ಟೆ. ಈಗ ಏನೂ ಕೇಳುವುದಿಲ್ಲ, ಕೊಡುವುದೂ ಇಲ್ಲ.

ಕೂಸಿನ ಕುತ್ತಿಗೆ ಇನ್ನೂ ನಿಂತಿಲ್ಲ, ಎತ್ತಿಕೊಳ್ಳುವಾಗ ಹುಷಾರು. ಮುಖ ನೋಡಿ ನಗುತ್ತಾಳೆ. ಮುಖ ಮರೆಯಾದರೆ ಸುಮ್ಮನಾಗುತ್ತಾಳೆ. ಅವಳನ್ನು ನಾವೆಲ್ಲ ಇನ್ನೂ ಕೂಸು ಎಂದೇ ಕರೆಯುತ್ತಿದ್ದೇವೆ.

ನಿಮ್ಮ,
ಜಗದಾಂಬಾ


ವಿದ್ಯಾನಗರ, ಶಿವಮೊಗ್ಗ
22-5-1997

ಬೀಗರಾದ ಗಂಗಾಧರಪ್ಪನವರಿಗೆ ಹಾಲಮ್ಮನ ಶರಣು.

ಈ ಕಾಗದವನ್ನು ಜಗದಾಂಬಾ ಅವರಿಗಲ್ಲ, ನಿಮಗೇ ಬರೆಯುತ್ತಿದ್ದೇನೆ. ಅವರಿಗೆ ಕೊಡುವ ಮೊದಲು ನೀವೇ ಓದಬೇಕು.

ನಿನ್ನೆ ಮೈಸೂರಿನಿಂದ ಬಂದೆವು. ಕೂಸಿಗೆ ನಿದ್ದೆಯ ಔಷಧಿ ಕುಡಿಸಿ, ತಲೆಗೆ ತಂತಿಗಳನ್ನು ಅಂಟಿಸಿ ಒಳಗೆ ಕರೆದುಕೊಂಡು ಹೋದರು. ಸುಮನಾ, ಪ್ರಸನ್ನ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಅಲ್ಲಿ ಸುತ್ತಲೂ ಮಕ್ಕಳು, ಅಷ್ಟು ಮಕ್ಕಳಿದ್ದರೂ ಗಲಾಟೆಯಿಲ್ಲ. ನನಗೆ ಆಗಲೇ ಅರ್ಧ ಜೀವ ಹೋಯಿತು. ಶಾಲೆಯಲ್ಲಿ ಎಷ್ಟು ಮಕ್ಕಳಿಗೆ "ಸುಮ್ನಿರ್ರೋ" ಎಂದು ಗದರಿದ್ದೆನೋ, ಅದೆಲ್ಲ ನೆನಪಾಯಿತು.

ಸುಮನಾ ಹೊರಗೆ ಬಂದವಳು ನನ್ನ ಪಕ್ಕದಲ್ಲಿ ಕುಳಿತು, "ಅತ್ತೆ, ಬಲಗಿವಿ ಕೇಳುತ್ತಂತೆ" ಅಂದಳು. ಎಡಗಿವಿ ಇಲ್ಲ. ಅದು ಬರುವುದೂ ಇಲ್ಲವಂತೆ. ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ನಾನೂ ಎರಡನ್ನೂ ಮಾಡುತ್ತಿದ್ದೆ. ಒಂದು ಕಿವಿಯಿಂದ ಮಾತು ಕಲಿಯುತ್ತಾಳೆ, ಶಾಲೆಗೆ ಹೋಗುತ್ತಾಳೆ ಎಂದು ಡಾಕ್ಟರು ಹೇಳಿದರು. ಕುತ್ತಿಗೆ ಈಗ ನಿಲ್ಲುತ್ತಿದೆ. ಕೂರುವುದು, ನಡೆಯುವುದು ತಡವಾಗಬಹುದು, ಕಾದು ನೋಡಬೇಕು ಎಂದರು. ಆದ್ದರಿಂದ ಹೆದರಿಕೆ ಮುಗಿಯಿತು ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ನನಗೆ ಇವತ್ತೂ ಹೆದರಿಕೆಯಿದೆ.

ಆಸ್ಪತ್ರೆಯಲ್ಲಿ ನಾನು ನಿಮಗೆ ಅಂದ ಮಾತಿಗೆ ಕ್ಷಮೆ ಕೇಳುತ್ತೇನೆ. ನೀವು ಮಾಡಿದ್ದು ತಪ್ಪು, ನಾನು ಬರೆದದ್ದೂ ತಪ್ಪು. ಆದರೆ ಆ ಕೂಸಿನ ಜಾಗದಲ್ಲಿ ತಾವೇ ಮಲಗಿ, ಕಣ್ಣಿಗೆ ಬೆಳಕು ಬೀಳುತ್ತದೆಯೋ ಎಂದು ನೋಡಿದವರು ನೀವೊಬ್ಬರೇ. ಬೇರೆ ಯಾರಿಗೂ ಅದು ಹೊಳೆಯಲಿಲ್ಲ.

ನಾಮಕರಣವನ್ನು ಈ ಭಾನುವಾರ ಇಲ್ಲೇ ಇಟ್ಟುಕೊಂಡಿದ್ದೇವೆ. ನೆಂಟರನ್ನು ಕರೆದಿಲ್ಲ, ನಾವು ಮನೆಯವರಷ್ಟೇ. ನೀವಿಬ್ಬರೂ ಬೆಳಿಗ್ಗೆಯೇ ಬನ್ನಿ, ತಿಂಡಿ ಇಲ್ಲೇ. ಹೆಸರು ಇಡುವ ಹಕ್ಕು ನಮ್ಮ ಕಡೆಯವರದು ಎಂದು ಮದುವೆಯ ಮಾತುಕತೆಯಲ್ಲೇ ನಾನು ಜೋರು ಮಾಡಿದ್ದೆ. ಅದನ್ನು ನಿಮಗೆ ಬಿಟ್ಟುಕೊಡುತ್ತಿದ್ದೇನೆ. ಬಾಗಿಲ ಆಚೆ ನಿಂತು ಕೆಮ್ಮುವುದು ಸಾಕು. ಒಳಗೆ ಬಂದು ಅವಳನ್ನು ಎತ್ತಿಕೊಂಡು, ಬಲಗಿವಿಯಲ್ಲಿ ನೀವೇ ಹೆಸರು ಹೇಳಬೇಕು.

ಯಾವ ಹೆಸರು ಎಂದು ನಮಗೆ ಯಾರಿಗೂ ಮುಂಚೆ ತಿಳಿಸಬೇಡಿ. ಮೊದಲು ಅವಳ ಕಿವಿಗೆ ಬೀಳಲಿ.

ನಿಮ್ಮ ದಾರಿ ನೋಡುತ್ತಿರುವ,
ಹಾಲಮ್ಮ